ಪ್ರಿಂಟಿನ ಬೆನ್ನು ತಿರುಗಿಸಿ ನೋಡು

ಪ್ರಿಯ ತಂಗಿ,

ನಿನ್ನ ಲೇಖನ ತಲುಪಿತು. ದುರ್ಗದ ಆ ಹಿರಿಯ ಛಾಯಾಗ್ರಾಹಕರು ತೀರಿಕೊಂಡ ಸುದ್ದಿ ದಾವಣಗೆರೆಯಲ್ಲಿ ನನಗೂ ಮುಟ್ಟಿತ್ತು. ಅವರ ಬಗ್ಗೆ ಯಾರಾದರೂ ಬರೆಯಬೇಕಲ್ಲ ಎಂದುಕೊಳ್ಳುತ್ತಿರುವಾಗಲೇ ನೀನು ಬರೆದು ಕಳಿಸಿದ್ದೀಯ, ಸಂತೋಷ. ಆದರೆ ಈ ಕರಡನ್ನು ಪತ್ರಿಕೆಗೆ ಕೊಡಬೇಡ.

‘ಕಪ್ಪು ಬಿಳುಪಿನ ಮಾಂತ್ರಿಕ’ ಎಂದು ಶುರು ಮಾಡಿ ‘ತುಂಬಲಾರದ ನಷ್ಟ’ ಎಂದು ಮುಗಿಸಿದ್ದೀಯ. ನಡುವೆ ಅವರು ಸರಳರು, ಸಜ್ಜನರು, ಮಿತಭಾಷಿಗಳು, ಪ್ರಚಾರದಿಂದ ದೂರ ಉಳಿದವರು. ಹೆಸರೊಂದನ್ನು ಬದಲಿಸಿದರೆ ಇದನ್ನೇ ನಿವೃತ್ತ ತಹಸೀಲ್ದಾರರೊಬ್ಬರ ಶ್ರದ್ಧಾಂಜಲಿ ಸಭೆಯಲ್ಲಿಯೂ ಓದಬಹುದು. ಅವರು ಸಜ್ಜನರಾಗಿದ್ದುದು ನಿಜವೇ. ದುರ್ಗದಲ್ಲಿ ಸಜ್ಜನರಿಗೇನೂ ಬರವಿಲ್ಲ. ಬಂಡೆಯ ಕಡುನೆರಳಿನೊಳಗೂ ಕಲ್ಲಿನ ತರಿ ಕಾಣುವ ಹಾಗೆ ಪ್ರಿಂಟ್ ಹಾಕುತ್ತಿದ್ದವರು ಎಷ್ಟು ಜನ ಇದ್ದರು, ಹೇಳು. ನಿನ್ನ ಲೇಖನದಲ್ಲಿ ಒಂದು ಪ್ರಿಂಟಿನ ವಿವರವೂ ಇಲ್ಲ. ಅವರ ಫೋಟೊ ಒಂದನ್ನಾದರೂ ಕೈಯಲ್ಲಿ ಹಿಡಿದು ನೋಡಿದೆಯೋ, ಅಥವಾ ಮೊಬೈಲಿನಲ್ಲಿ ಯಾರೋ ಕಳಿಸಿದ್ದನ್ನು ನೋಡಿ ಬರೆದೆಯೋ?

ಫೋಟೊ ತೆಗೆಯುವುದು ಕ್ಷಣದ ಕೆಲಸ. ಪ್ರಿಂಟ್ ಹಾಕುವುದಕ್ಕೆ ಒಂದು ಸಂಜೆ ಪೂರ್ತಿ ಬೇಕಾಗುತ್ತಿತ್ತು. ನೀನು ಮೊದಲನೆಯದನ್ನಷ್ಟೇ ಬರೆದಿದ್ದೀಯ. ಅವರ ಡಾರ್ಕ್‌ರೂಮಿನಲ್ಲಿ ಮೂಲೆಯ ಸ್ಟೂಲಿನ ಮೇಲೆ ಕುಳಿತು ನೋಡುವ ಅವಕಾಶ ನನಗೆ ಸಿಕ್ಕಿತ್ತು. ಮಾತಾಡಕೂಡದು, ಬಾಗಿಲು ಮುಟ್ಟಕೂಡದು ಎಂಬ ಷರತ್ತಿನ ಮೇಲೆ. ಕೆಂಪು ಬಲ್ಬು, ಸಾಲಾಗಿ ಟ್ರೇಗಳು: ಚಿತ್ರ ಮೂಡಿಸುವ ಡೆವಲಪರ್, ಅದನ್ನು ಅಲ್ಲಿಗೇ ನಿಲ್ಲಿಸುವ ಆಸಿಡ್ ನೀರು, ಚಿತ್ರವನ್ನು ಕಾಯಂಗೊಳಿಸುವ ಹೈಪೊ. ನೆಗೆಟಿವನ್ನು ಹಿಗ್ಗಿಸಿ ತೋರಿಸುವ ಎನ್‌ಲಾರ್ಜರಿನ ಬೆಳಕು ಕಾಗದದ ಮೇಲೆ ಬಿದ್ದ ಕೂಡಲೇ ಅವರು ತುಟಿಯೊಳಗೇ ಎಣಿಸಲು ಶುರು ಮಾಡುತ್ತಿದ್ದರು. ತಂತಿಯ ತುದಿಗೆ ಅಂಟಿಸಿದ ರಟ್ಟಿನ ಚೂರನ್ನು ಬಂಡೆಯ ನೆರಳಿಗೆ ಅಡ್ಡ ಹಿಡಿಯುತ್ತಿದ್ದರು, ಅಲ್ಲಿ ಬೆಳಕು ಕಡಿಮೆ ಬೀಳಲಿ, ತೀರಾ ಕಪ್ಪಾಗದಿರಲಿ ಎಂದು. ಆಮೇಲೆ ನಡುವೆ ತೂತು ಮಾಡಿದ ಇನ್ನೊಂದು ರಟ್ಟನ್ನು ಹಿಡಿದು ಆಕಾಶಕ್ಕೆ ಮಾತ್ರ ಇನ್ನಷ್ಟು ಬೆಳಕು ಕೊಡುತ್ತಿದ್ದರು. ರಟ್ಟು ಒಂದೇ ಕಡೆ ನಿಂತರೆ ಅದರ ಅಂಚು ಕಾಗದದ ಮೇಲೆ ಮೂಡುತ್ತದೆ. ಅದಕ್ಕಾಗಿ ಕೈ ಸಣ್ಣಗೆ ಅಲ್ಲಾಡುತ್ತಲೇ ಇರಬೇಕು. ಮಿತಭಾಷಿ ಎಂದು ನೀನು ಬರೆದೆಯಲ್ಲ, ಎಣಿಸುತ್ತಿದ್ದ ಮನುಷ್ಯ ಹೇಗೆ ಮಾತಾಡಬೇಕು?

ಇದನ್ನು ಬರೆದರೆ ಓದುಗರಿಗೆ ಬೇಸರವಾಗುತ್ತದೆ ಎಂದು ನೀನು ಅಂಜಬಹುದು. ಆಗುವುದಿಲ್ಲ. ಕೆಲಸದ ವಿವರದಿಂದ ಯಾರಿಗೂ ಬೇಸರವಾಗುವುದಿಲ್ಲ, ಹೊಗಳಿಕೆಯಿಂದ ಆಗುತ್ತದೆ.

ದೊಡ್ಡವರ ಉದಾಹರಣೆ ಬೇಕಿದ್ದರೆ ಅಮೆರಿಕದ ಆನ್ಸೆಲ್ ಆಡಮ್ಸ್ ಇದ್ದಾರೆ. ನ್ಯೂ ಮೆಕ್ಸಿಕೊದ ಹೆರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಏರಿರುವ ಅವರ ಚಿತ್ರವನ್ನು ನೀನು ನೋಡಿರಬಹುದು. ಹೊತ್ತು ಮುಳುಗುವ ಸಮಯ, ರಸ್ತೆ ಬದಿ ಕಾರು ನಿಲ್ಲಿಸಿ ಇಳಿದರೆ ಬೆಳಕು ಅಳೆಯುವ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಪ್ರಕಾಶ ಎಷ್ಟೆಂಬ ಅಂಕಿ ನೆನಪಿತ್ತು, ಅದರ ಮೇಲೆ ಲೆಕ್ಕ ಹಾಕಿ ಒಂದು ಫೋಟೊ ತೆಗೆದರು. ಇನ್ನೊಂದಕ್ಕೆ ಸಿದ್ಧವಾಗುವಷ್ಟರಲ್ಲಿ ಸಮಾಧಿಯ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು. ಈ ಕತೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯವೆನಿಸುವುದು ಆಮೇಲಿನದು. ಆ ಒಂದೇ ನೆಗೆಟಿವ್‌ನಿಂದ ಅವರು 1,300ಕ್ಕೂ ಹೆಚ್ಚು ಪ್ರಿಂಟ್ ಹಾಕಿದರು. ಮೊದಮೊದಲಿನವುಗಳಲ್ಲಿ ಆಕಾಶ ಬೂದು, ಮೋಡದ ಎಳೆಗಳು ಕಾಣುತ್ತವೆ. ವರ್ಷಗಳು ಕಳೆದಂತೆ ಅದೇ ಆಕಾಶ ಕಡುಗಪ್ಪಾಗುತ್ತಾ ಹೋಯಿತು. 1948ರಲ್ಲಿ ನೆಗೆಟಿವ್‌ನ ಕೆಳಭಾಗಕ್ಕೇ ರಾಸಾಯನಿಕ ಉಪಚಾರ ಮಾಡಿ ಅದನ್ನು ಗಾಢಗೊಳಿಸಿದರು. ಪಿಯಾನೊ ಕಲಿತಿದ್ದ ಆಡಮ್ಸ್ ನೆಗೆಟಿವನ್ನು ಸ್ವರಲಿಪಿಗೂ ಪ್ರಿಂಟನ್ನು ಅದರ ವಾದನಕ್ಕೂ ಹೋಲಿಸುತ್ತಿದ್ದರು. ಹಾಗಾದರೆ ನಮ್ಮ ದುರ್ಗದ ಈ ಫೋಟೊ ಅಜ್ಜ ಕೋಟೆಯ ಒಂದೇ ಬತೇರಿಯ, ಅಂದರೆ ಬುರುಜಿನ, ಚಿತ್ರವನ್ನು ಎಷ್ಟು ಬಗೆಯಲ್ಲಿ ಪ್ರಿಂಟ್ ಹಾಕಿದ್ದಾರೆ ಎಂದು ಹುಡುಕಬೇಕಲ್ಲವೇ? ಒಂದು ನನ್ನ ಗೋಡೆಯ ಮೇಲಿದೆ. ಇನ್ನೊಂದು ದುರ್ಗದಲ್ಲಿ ಯಾರದಾದರೂ ಮನೆಯಲ್ಲಿ ಇದ್ದೇ ಇರುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ ಬರೆ. ಅವರ ಮನಸ್ಸು ಎಲ್ಲಿ ಬದಲಾಯಿತು ಎಂಬುದು ಆ ವ್ಯತ್ಯಾಸದಲ್ಲೇ ಇರುತ್ತದೆ.

ಆಡಮ್ಸ್ ಹೆಸರು ಬಂದದ್ದರಿಂದ ಇಸವಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಆ ಚಿತ್ರಕ್ಕೆ ಅವರೇ ಬೇರೆ ಬೇರೆ ಕಡೆ ಬೇರೆ ಬೇರೆ ವರ್ಷ ಕೊಟ್ಟಿದ್ದರು. ಅವರು ತೀರಿಕೊಂಡದ್ದು 1984ರಲ್ಲಿ. 1991ರಲ್ಲಿ ಡೆನ್ನಿಸ್ ಡಿ ಸಿಕೊ ಎಂಬವರು ಚಿತ್ರದಲ್ಲಿ ಚಂದ್ರ ಇರುವ ಜಾಗವನ್ನು ಖಗೋಳ ಲೆಕ್ಕದಿಂದ ಪರಿಶೀಲಿಸಿ, ಅದು 1941ರ ನವೆಂಬರ್ 1ರ ಸಂಜೆ 4.49ರ ಹೊತ್ತಿನದು ಎಂದು ತೋರಿಸಿದರು. ತೆಗೆದವರ ನೆನಪಿಗಿಂತ ತೆಗೆದ ಚಿತ್ರವೇ ಗಟ್ಟಿ ಸಾಕ್ಷಿಯಾಯಿತು. ನೀನೋ ‘ಎಪ್ಪತ್ತರ ದಶಕದ ಅಪರೂಪದ ಚಿತ್ರ’ ಎಂದು ಒಂದು ಗೆರೆಯಲ್ಲಿ ತೀರ್ಪು ಕೊಟ್ಟಿದ್ದೀಯ. ಯಾರು ಹೇಳಿದರು? ಅಜ್ಜನ ಮೊಮ್ಮಗನೇ? ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳಿವೆಯೇ ಎಂದು ನೋಡು. ಕೋಟೆಯ ಕೆಳಗಿನ ಮನೆಗಳಲ್ಲಿ ಹೆಂಚೆಷ್ಟು, ತಾರಸಿ ಎಷ್ಟು ಎಣಿಸು. ಮುಖ್ಯವಾಗಿ ಪ್ರಿಂಟನ್ನು ತಿರುಗಿಸು. ಬೆನ್ನಿನ ಮೇಲೆ ಸ್ಟುಡಿಯೊ ಮೊಹರು, ಪೆನ್ಸಿಲಿನಲ್ಲಿ ನೆಗೆಟಿವ್ ಸಂಖ್ಯೆ, ಕೆಲವೊಮ್ಮೆ ದರ ಕೂಡ ಇರುತ್ತದೆ. ನನ್ನ ಪ್ರಿಂಟಿಗೆ ಕಟ್ಟು ಹಾಕಿದ ಅಂಗಡಿಯ ಚೀಟಿಯಲ್ಲಿ ‘ದಾವಣಗೆರೆ, ಚಿತ್ರದುರ್ಗ ಜಿಲ್ಲೆ’ ಎಂದಿದೆ. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹಳೆಯ ಚೀಟಿಗಳನ್ನು ಖರ್ಚು ಮಾಡುತ್ತಿದ್ದರು ಎಂದು ಬೇಕಾದರೆ ಒಂದೆರಡು ವರ್ಷ ಬಿಡು. ಆದರೂ ಒಂದು ಅಂದಾಜಂತೂ ಸಿಕ್ಕಿತು.

ಇನ್ನು ನೀರು. ಇದನ್ನು ನೀನು ಯೋಚಿಸಿಯೇ ಇಲ್ಲ, ನನಗೆ ಈ ಲೇಖನದ ಜೀವವೇ ಇಲ್ಲಿದೆ ಎನಿಸುತ್ತದೆ. ಹಿಂದೆ ನಾವು ‘ಫೋಟೊ ತೊಳೆಸಿಕೊಂಡು ಬಾ’ ಎಂದೇ ಹೇಳುತ್ತಿದ್ದೆವು. ಹೈಪೊ ಕೆಲಸ ಮುಗಿಸಿದ ಮೇಲೆ ಕಾಗದದೊಳಗೆ ಅದರ ಅಂಶ ಉಳಿಯಬಾರದು. ಉಳಿದರೆ ವರ್ಷಗಳ ನಂತರ ಬಿಳಿ ಜಾಗ ಹಳದಿಯಾಗುತ್ತದೆ, ಚಿತ್ರ ಮಾಸುತ್ತದೆ. ದಪ್ಪ ಬ್ರೋಮೈಡ್ ಕಾಗದವನ್ನು ಸರಿಯಾಗಿ ತೊಳೆಯಲು ಗಂಟೆಯ ಹೊತ್ತು ಹರಿಯುವ ನೀರು ಬೇಕು. ಹರಿಯುವ ನೀರು, ಅದೂ ಚಿತ್ರದುರ್ಗದಲ್ಲಿ! ವಾಣಿವಿಲಾಸ ಸಾಗರದಿಂದಲೋ ಶಾಂತಿಸಾಗರದಿಂದಲೋ ನೀರು ಬರಬೇಕಾದ ಊರು. ಬೇಸಿಗೆಯಲ್ಲಿ ಮನೆಗೆ ಕುಡಿಯುವ ನೀರು ಹೊಂದಿಸುವುದೇ ಕಷ್ಟವಾಗಿರುವಾಗ ಅವರು ಪ್ರಿಂಟ್‌ಗಳನ್ನು ಹೇಗೆ ತೊಳೆಯುತ್ತಿದ್ದರು? ಟ್ರೇಯ ನೀರನ್ನು ಮತ್ತೆ ಮತ್ತೆ ಬದಲಿಸುತ್ತಿದ್ದರೇ, ಕೊಡಗಳಲ್ಲಿ ತರಿಸುತ್ತಿದ್ದರೇ, ದೊಡ್ಡ ಅಳತೆಯವನ್ನೆಲ್ಲ ಮಳೆಗಾಲಕ್ಕೆ ಎತ್ತಿಡುತ್ತಿದ್ದರೇ? ಅವರ ಬಳಿ ಕೆಲಸ ಮಾಡುತ್ತಿದ್ದ ಹುಡುಗನಿಗೆ ಈಗ ಅರವತ್ತು ದಾಟಿರಬೇಕು. ಅವನನ್ನು ಹುಡುಕಿ ಇದನ್ನೇ ಮೊದಲು ಕೇಳು. ‘ಅವರ ವ್ಯಕ್ತಿತ್ವದ ಬಗ್ಗೆ ಎರಡು ಮಾತು ಹೇಳಿ’ ಎಂದು ಕೇಳಿದರೆ ನೀನು ಈಗ ಬರೆದಿರುವುದನ್ನೇ ಅವನೂ ಹೇಳುತ್ತಾನೆ. ನೀರು ಯಾರು ಹೊರುತ್ತಿದ್ದರು ಎಂದು ಕೇಳಿದರೆ ಮಾತು ಬೇರೆಯಾಗುತ್ತದೆ.

ಕಾಗದದ ಬಗ್ಗೆಯೂ ವಿಚಾರಿಸು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಕಾಗದದ ಡಬ್ಬಿಗಳು ಅವರ ಕಪಾಟಿನಲ್ಲಿದ್ದವು. ವಿದೇಶಿ ಕಾಗದ ಸಿಕ್ಕಾಗ ಯಾವ ಚಿತ್ರಕ್ಕೆ ಬಳಸುತ್ತಿದ್ದರೋ ತಿಳಿದರೆ, ಅವರಿಗೆ ಯಾವುದು ಪ್ರಿಯವಾಗಿತ್ತು ಎಂಬುದೂ ತಿಳಿಯುತ್ತದೆ.

ಮತ್ತೊಂದು. ನೀನು ಕೋಟೆಯ ಚಿತ್ರಗಳನ್ನು ಮಾತ್ರ ಹಿಡಿದುಕೊಂಡು, ಹೊಟ್ಟೆ ಹೊರೆದ ಕೆಲಸವನ್ನು ಬಿಟ್ಟಿದ್ದೀಯ. ಪಾಸ್‌ಪೋರ್ಟ್ ಅಳತೆಯ ಫೋಟೊ, ಮದುವೆ ಆಲ್ಬಮ್, ಗಂಡಿನ ಕಡೆಯವರಿಗೆ ಕಳಿಸುವ ಹುಡುಗಿಯ ಫೋಟೊ, ತೀರಿಕೊಂಡ ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿ ತೆಗೆದ ಫೋಟೊ. ನೆಗೆಟಿವ್‌ನ ಮೇಲೆ ಚೂಪು ಪೆನ್ಸಿಲಿನಿಂದ ಸಿಡುಬಿನ ಕಲೆ ಅಳಿಸುತ್ತಿದ್ದ ಕೈಯೇ ಬಂಡೆಯ ಬಿರುಕನ್ನು ಅಳಿಸದೆ ಉಳಿಸಿತು. ಅದನ್ನು ನೆನೆದಾಗಲೆಲ್ಲ ನನಗೆ ಬೆರಗು. ಹಾಗೆಂದು ಅವರದೆಲ್ಲವೂ ಚೆನ್ನ ಎನ್ನಬೇಡ. ನನ್ನನ್ನು ಕೇಳಿದರೆ ಸ್ಟುಡಿಯೊದ ಭಾವಚಿತ್ರಗಳು ಸಾಧಾರಣ, ಎಲ್ಲರ ಗದ್ದವೂ ಒಂದೇ ಕಡೆ ತಿರುಗಿರುತ್ತದೆ. ಕೊನೆಗಾಲದ ಕೋಟೆಯ ಪ್ರಿಂಟ್‌ಗಳು ಬೇಕಾದ್ದಕ್ಕಿಂತ ಕಪ್ಪು. ಕಣ್ಣು ಮಂದವಾಗಿತ್ತೋ, ಬೇಕೆಂದೇ ಮಾಡಿದರೋ, ಮನೆಯವರನ್ನು ಮೆಲ್ಲಗೆ ಕೇಳು. ಕೋಟೆಯ ಹೊಂಡದ ಚಿತ್ರಗಳು ಮಾತ್ರ ಯಾವ ಊರಿನ ಗ್ಯಾಲರಿಯಲ್ಲಿಟ್ಟರೂ ನಿಲ್ಲುತ್ತವೆ. ಇಂತಿಂಥದು ಸಾಧಾರಣ ಎಂದು ನೀನು ಹೇಳಿದ್ದರೆ ಮಾತ್ರ ಇದು ಶ್ರೇಷ್ಠ ಎಂಬ ನಿನ್ನ ಮಾತನ್ನು ಜನ ನಂಬುತ್ತಾರೆ.

‘ನೆರಳು ಬೆಳಕಿನ ಆಟ’ ಎಂಬ ಪದಪುಂಜ ಮೂರು ಕಡೆ ಬಂದಿದೆ, ಮೂರನ್ನೂ ತೆಗೆ. ಡಿಜಿಟಲ್ ಕ್ಯಾಮೆರಾವನ್ನು ಬೈದಿರುವ ಪ್ಯಾರಾ ಕೂಡ ಬೇಡ, ಅವರೇ ಅದನ್ನು ಎಂದೂ ಬೈದವರಲ್ಲ. ಸಂಪಾದಕರ ಬಳಿ ಪದಗಳಿಗಿಂತ ಮೊದಲು ಚಿತ್ರಕ್ಕೆ ಜಾಗ ಕೇಳು. ಅಂಚೆಚೀಟಿಯಷ್ಟು ಅಗಲದಲ್ಲಿ ಅಚ್ಚು ಹಾಕಿದರೆ ನೆರಳಿನೊಳಗಿನ ತರಿಯೆಲ್ಲ ಮಸಿಯಾಗುತ್ತದೆ, ನೀನು ಬರೆದದ್ದು ಸುಳ್ಳೆನಿಸುತ್ತದೆ.

ಎರಡನೆಯ ಕರಡಿಗೆ ಅವಸರವಿಲ್ಲ. ಅದಕ್ಕಿಂತ ಅವಸರದ ಕೆಲಸವೊಂದಿದೆ. ನೆಗೆಟಿವ್ ಪೆಟ್ಟಿಗೆಗಳು ಇನ್ನೂ ಅಟ್ಟದ ಮೇಲಿವೆಯಂತೆ. ಹಳೆಯ ಅಸಿಟೇಟ್ ಫಿಲ್ಮ್ ಸೆಕೆಗೆ ಕೆಡುತ್ತದೆ, ಕೆಡಲು ಶುರುವಾದರೆ ವಿನೆಗರಿನ ಹುಳಿ ವಾಸನೆ ಬರುತ್ತದೆ, ಪಕ್ಕದ್ದನ್ನೂ ಕೆಡಿಸುತ್ತದೆ. ವಾಸನೆ ಬಂದವನ್ನು ಬೇರೆ ಪೆಟ್ಟಿಗೆಗೆ ಹಾಕಿ, ಮಿಕ್ಕವನ್ನು ಕಾಗದದ ಲಕೋಟೆಗಳಲ್ಲಿಟ್ಟು ಕೆಳಗಿನ ತಂಪು ಕೋಣೆಗೆ ಇಳಿಸಲು ಮನೆಯವರಿಗೆ ಈ ವಾರವೇ ಹೇಳು. ಲಕೋಟೆ ಸಾಲದಿದ್ದರೆ ಇಲ್ಲಿಂದ ಬಸ್ಸಿನಲ್ಲಿ ಕಳಿಸುತ್ತೇನೆ.

ನಿನ್ನ ಅಣ್ಣ,
ದಾವಣಗೆರೆ