ಟೆಲ್ ಅವೀವ್‌ಗೆ ಹೋದ ಹತ್ತು ಮಂದಿಯ ಬಗ್ಗೆಯೂ ಬರೆಯಿರಿ

ಸಂಪಾದಕರೇ,

ಪ್ಯಾರಾಲಿಂಪಿಕ್ಸ್‌ನಲ್ಲಿ, ಅಂದರೆ ಅಂಗವಿಕಲರ ಒಲಿಂಪಿಕ್ಸ್‌ನಲ್ಲಿ, ಭಾರತದ ಕತೆ ಬಂದಾಗಲೆಲ್ಲ ಎಲ್ಲರೂ 1972ರಿಂದಲೇ ಶುರು ಮಾಡುತ್ತಾರೆ. ಜರ್ಮನಿಯ ಹೈಡೆಲ್‌ಬರ್ಗ್, ಈಜುಗಾರ ಮುರಳಿಕಾಂತ್ ಪೇಟ್ಕರ್, ಚಿನ್ನ. ಆದರೆ ಅದಕ್ಕೂ ಮೊದಲು, 1968ರ ನವೆಂಬರಿನಲ್ಲಿ, ನಮ್ಮ ದೇಶದ ಮೊದಲ ತಂಡ ಇಸ್ರೇಲಿನ ಟೆಲ್ ಅವೀವ್‌ಗೆ ಹೋಗಿತ್ತು. ಹತ್ತು ಮಂದಿ, ಅದರಲ್ಲಿ ಇಬ್ಬರು ಹೆಂಗಸರು. ಪದಕ ಒಂದೂ ಬರಲಿಲ್ಲ, ಹಾಗಾಗಿ ಮರೆತೇ ಬಿಟ್ಟೆವು. ನನಗೆ ಇದು ತುಂಬ ಬೇಜಾರು.

ಆಗ ಆ ಕೂಟ ಇದ್ದದ್ದೇ ಗಾಲಿಕುರ್ಚಿಯವರಿಗೆ. ಕಣ್ಣು ಕಾಣದವರಿಗೆ, ಕೈಕಾಲು ಕಳೆದುಕೊಂಡವರಿಗೆ ಅವಕಾಶ ಸಿಕ್ಕಿದ್ದು 1976ರಲ್ಲಿ. ಗಾಲಿಕುರ್ಚಿಯವರು ಮನೆಯ ಹೊಸ್ತಿಲು ದಾಟುವುದೇ ಕಷ್ಟವಿದ್ದ ಆ ದಿನಗಳಲ್ಲಿ ಇವರು ಸಮುದ್ರ ದಾಟಿ ಆಡಿ ಬಂದರು, ಇದು ಸಣ್ಣ ಮಾತಾ? ಪೇಟ್ಕರ್ ಕೂಡ ಅದೇ ತಂಡದಲ್ಲಿದ್ದರು, ಟೇಬಲ್ ಟೆನಿಸ್ ಆಡಿದರು. 1965ರ ಯುದ್ಧದಲ್ಲಿ ಗುಂಡು ತಗುಲಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಸೈನಿಕ ಅವರು. ಅಲ್ಲಿಂದ ಬರಿಗೈಯಲ್ಲಿ ಬಂದವರು ನಾಲ್ಕು ವರ್ಷ ಬಿಟ್ಟು 50 ಮೀಟರ್ ಫ್ರೀಸ್ಟೈಲನ್ನು 37.33 ಸೆಕೆಂಡಿನಲ್ಲಿ ಈಜಿ ವಿಶ್ವದಾಖಲೆ ಮಾಡಿದರು. ಅಷ್ಟೇ ಅಲ್ಲ, ಅದೇ ಕೂಟದಲ್ಲಿ ಜಾವೆಲಿನ್ ಕೂಡ ಎಸೆದರು. 1968ರ ತಂಡ ಸೋತು ಬಂತು ಅಂತ ನಾನಂತೂ ಹೇಳಲಾರೆ. ಸರಕಾರ ಪೇಟ್ಕರ್ ಅವರಿಗೆ ಪದ್ಮಶ್ರೀ ಕೊಟ್ಟದ್ದು 2018ರಲ್ಲಿ, ಚಿನ್ನ ಗೆದ್ದು 46 ವರ್ಷ ಆದ ಮೇಲೆ. ಗೆದ್ದವರಿಗೇ ಹೀಗಾದರೆ ಉಳಿದವರನ್ನು ಕೇಳುವವರು ಯಾರು?

ಇಷ್ಟೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, ನನ್ನ ಅಕ್ಕನ ಮಗನಿಗೆ ಹುಟ್ಟಿನಿಂದ ಕಾಲಿನಲ್ಲಿ ಬಲವಿಲ್ಲ. ಈಗ ಹದಿಮೂರು ವರ್ಷ. ನಮ್ಮ ತೋಟದ ಕೆರೆಯಲ್ಲಿ, ಸೊಂಟಕ್ಕೆ ಎರಡು ಒಣ ತೆಂಗಿನಕಾಯಿ ಕಟ್ಟಿಕೊಂಡು, ನಾವೆಲ್ಲ ಕಲಿತ ಹಾಗೇ ಈಜು ಕಲಿತ. ನೀರಿಗಿಳಿದರೆ ಕೈಯ ಬಲದಲ್ಲೇ ಮೀನಿನಂತೆ ಹೋಗುತ್ತಾನೆ. ಕಳೆದ ಬೇಸಿಗೆ ರಜೆಯಲ್ಲಿ ಜಿಲ್ಲೆಯ ಒಂದು ಈಜುಕೊಳಕ್ಕೆ ಕರೆದುಕೊಂಡು ಹೋದೆ. ಬಾಗಿಲಲ್ಲೇ ನಾಲ್ಕು ಎತ್ತರದ ಮೆಟ್ಟಿಲು, ಹಿಡಿದುಕೊಳ್ಳಲು ಒಂದು ಕಂಬಿ ಇಲ್ಲ. ಎತ್ತಿಕೊಂಡು ಹೋದೆ. ಒಳಗಿದ್ದವರು ಹುಡುಗನನ್ನು ಒಮ್ಮೆ, ಊರುಗೋಲನ್ನು ಒಮ್ಮೆ ನೋಡಿ, "ಏನಾದರೂ ಆದರೆ ಜವಾಬ್ದಾರಿ ಯಾರು?" ಅಂದರು. ಅವನು ಈಜುತ್ತಾನೆ, ಒಮ್ಮೆ ನೋಡಿ ಅಂದೆ. ನೋಡಲೂ ಇಲ್ಲ. ಮಗು ಅಂಗಿ ಬಿಚ್ಚಿ ಕೂತಿತ್ತು, ಸುಮ್ನೆ ಮತ್ತೆ ಹಾಕಿಕೊಂಡಿತು. ಬಸ್ಸಿನಲ್ಲಿ ಮನೆಯವರೆಗೂ ಮಾತಿಲ್ಲ.

2024ರ ಪ್ಯಾರಿಸ್‌ನಲ್ಲಿ ನಮಗೆ 29 ಪದಕ ಬಂತು, ಪತ್ರಿಕೆಗಳಲ್ಲಿ ಪುಟಗಟ್ಟಲೆ ಬಂತು, ಖುಷಿಯಾಯಿತು. ಇನ್ನು ಮುಂದೆ ಬರೆಯುವಾಗ 1968ರ ಆ ಹತ್ತು ಮಂದಿಯ ಹೆಸರನ್ನೂ ಹುಡುಕಿ ಹಾಕಿ. ನಮ್ಮ ಜಿಲ್ಲೆಯ ಈಜುಕೊಳ, ಮೈದಾನಗಳಿಗೆ ನಿಮ್ಮ ವರದಿಗಾರರನ್ನೂ ಒಮ್ಮೆ ಕಳಿಸಿ, ಮೆಟ್ಟಿಲು ಎಷ್ಟಿವೆ, ಕಂಬಿ ಇದೆಯಾ, ಗಾಲಿಕುರ್ಚಿ ಒಳಗೆ ಹೋಗುತ್ತದಾ ಅಂತ ನೋಡಿಕೊಂಡು ಬರಲಿ. ಪೇಟ್ಕರ್ ಸುದ್ದಿಯನ್ನು ನಮ್ಮ ಹುಡುಗನಿಗೆ ಓದಿ ಹೇಳಿದೆ. "ಮಾಮ, 37 ಸೆಕೆಂಡಾ? ನಂದು ಎಷ್ಟಾಗುತ್ತೆ ನೋಡುವಾ" ಅಂದ. ಅಳೆದು ನೋಡಲು ನಮ್ಮ ಕೆರೆ ಅಷ್ಟು ಉದ್ದ ಇಲ್ಲ.

ಇತಿ,
ನಿಮ್ಮ ಓದುಗ
ಕಿನ್ನಿಮೂಲ್ಕಿ, ಉಡುಪಿ