ಗಾಲ್ಫ್ ಕೋರ್ಸಿನಲ್ಲಿ ಗಾಂಜಾ: ಮೊದಲನೇ ಟೀಯಲ್ಲೇ ಹೇಳಿಬಿಡಿ

ಸಂಪಾದಕರಿಗೆ ನಮಸ್ಕಾರ.

ಕೆನಡಾದ ಮಿಸ್ಸಿಸಾಗಾದಿಂದ ಬರೆಯುತ್ತಿದ್ದೇನೆ. ಬೆಳಿಗ್ಗೆ ಕಾಫಿ ಜೊತೆ ಮೊಬೈಲಿನಲ್ಲಿ ನಿಮ್ಮ ಪತ್ರಿಕೆ ಓದುವವರು ಈ ಊರಲ್ಲಿ ಬೇಕಾದಷ್ಟು ಜನ ಇದ್ದೇವೆ, ಅವರ ಕಣ್ಣಿಗೆ ಬೀಳಲಿ ಅಂತಲೇ ಈ ಪತ್ರ. ವಿಷಯ ಗಾಲ್ಫ್ ಆಡುವಾಗ ಗಾಂಜಾ ಸೇದುವುದು. ಹುಬ್ಬೇರಿಸಬೇಡಿ, ಇಲ್ಲಿ ಅದಕ್ಕೆ ಕಾನೂನಿನ ಒಪ್ಪಿಗೆ ಇದೆ. ನಾನು ಸೇದುವವನಲ್ಲ. ಆದರೆ ನನ್ನ ಜೊತೆ ಶನಿವಾರ ಆಡುವವರಲ್ಲಿ ಇಬ್ಬರು ಸೇದುತ್ತಾರೆ, ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಸಿಟ್ಟು ಇರುವುದು ಬೇರೆಯವರ ಮೇಲೆ, ಅದಕ್ಕೆ ಆಮೇಲೆ ಬರುತ್ತೇನೆ.

ಊರಲ್ಲಿ ಇರುವವರಿಗೆ ಹಿನ್ನೆಲೆ ಗೊತ್ತಿರಲಿ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಗಾಂಜಾ ಕಾನೂನುಬದ್ಧ. ನಮ್ಮ ಒಂಟಾರಿಯೊ ಪ್ರಾಂತ್ಯದಲ್ಲಿ 19 ತುಂಬಿದವರು ಅಂಗಡಿಗೆ ಹೋಗಿ ಗುರುತಿನ ಚೀಟಿ ತೋರಿಸಿ ಕೊಳ್ಳಬಹುದು. ಒಣಗಿದ್ದಾದರೆ 30 ಗ್ರಾಂವರೆಗೆ ಜೇಬಲ್ಲಿ ಇಟ್ಟುಕೊಂಡು ಓಡಾಡಬಹುದು. ಸಿಗರೇಟು ಎಲ್ಲಿ ಸೇದಬಹುದೋ ಹೆಚ್ಚುಕಡಿಮೆ ಅಲ್ಲೆಲ್ಲ ಇದನ್ನೂ ಸೇದಬಹುದು. ಹೋಟೆಲಿನ ಹೊರಗೆ ಕೂತು ತಿನ್ನುವ ಜಾಗದಿಂದ 9 ಮೀಟರ್, ಮಕ್ಕಳು ಆಡುವ ಜಾಗದಿಂದ 20 ಮೀಟರ್ ದೂರ ಇರಬೇಕು, ಹೀಗೆ ಕೆಲವು ಕಟ್ಟುಪಾಡುಗಳಿವೆ ಅಷ್ಟೇ. ಆದರೆ ಗಾಲ್ಫ್ ಕ್ಲಬ್ಬು ಇನ್ನೊಬ್ಬರ ಜಾಗ. ಅವರು ಬೇಡ ಅಂದರೆ ಬೇಡ, ಅಲ್ಲಿ ವಾದ ಮಾಡಿ ಉಪಯೋಗವಿಲ್ಲ. ದುಡ್ಡು ಕಟ್ಟುವಾಗಲೇ ಕೌಂಟರಿನಲ್ಲಿ ಒಂದು ಮಾತು ಕೇಳಿದರೆ ಮುಗಿಯಿತು, ಇಲ್ಲಿ ಯಾರೂ ಅದಕ್ಕೆ ಮುಖ ಕಿವುಚುವುದಿಲ್ಲ.

ಪಾರ್ಕಿನಲ್ಲಿ ಪಕ್ಕದ ಬೆಂಚಿನವನು ಸೇದಿದರೆ ಎದ್ದು ಹೋಗಬಹುದು. ಗಾಲ್ಫಿನಲ್ಲಿ ಎಲ್ಲಿಗೆ ಹೋಗುವುದು? 18 ಹೋಲ್, ಅಂದರೆ ಚೆಂಡು ಬೀಳಿಸುವ 18 ಗುಂಡಿ ಮುಗಿಸಲು ನಾಲ್ಕು, ನಾಲ್ಕೂವರೆ ಗಂಟೆ ಬೇಕು. ಶನಿವಾರ ಭಾನುವಾರ ಜನ ಜಾಸ್ತಿ, ನೀವು ಇಬ್ಬರೇ ಹೋದರೆ ಗುಂಪುಗಳನ್ನು ಆಟಕ್ಕೆ ಬಿಡುವ ಸ್ಟಾರ್ಟರ್ ಇನ್ನಿಬ್ಬರು ಗುರುತಿಲ್ಲದವರನ್ನು ನಿಮ್ಮ ಜೊತೆ ಸೇರಿಸಿ ನಾಲ್ಕು ಜನ ಮಾಡಿ ಕಳಿಸುತ್ತಾನೆ. ಅವರೂ ನಿಮ್ಮಷ್ಟೇ ದುಡ್ಡು ಕೊಟ್ಟಿರುತ್ತಾರೆ. ಬಿಟ್ಟು ಹೋಗುವ ಹಾಗಿಲ್ಲ, ಮುಂದಿನ ಗುಂಪನ್ನು ದಾಟುವ ಹಾಗಿಲ್ಲ, ಹಿಂದೆ ಇನ್ನೊಂದು ಗುಂಪು ಕಾಯುತ್ತಿರುತ್ತದೆ.

ಕಳೆದ ಬೇಸಿಗೆ ಹೀಗೇ ನಮ್ಮ ಜೊತೆ ಸೇರಿಕೊಂಡವರು ಒಬ್ಬ ವಯಸ್ಸಾದ ಹೆಂಗಸು, ಬಿಳಿ ಕೂದಲು, ತನ್ನ ಬ್ಯಾಗನ್ನು ತಾನೇ ತಳ್ಳಿಕೊಂಡು ನಡೆಯುವವರು. ನಾಲ್ಕನೆಯವನು ಒಬ್ಬ ಹುಡುಗ, ಅವನೂ ಗುರುತಿಲ್ಲದವನೇ. ಎರಡನೇ ಹೋಲಿನಲ್ಲಿ ಟೀ ಮೇಲೇ, ಅಂದರೆ ಮೊದಲ ಹೊಡೆತ ಹೊಡೆಯುವ ಜಾಗದಲ್ಲೇ ನಿಂತು ಹಚ್ಚಿದ. ಗಾಳಿ ಅವನ ಬೆನ್ನ ಹಿಂದಿನಿಂದ ನಮ್ಮ ಕಡೆಗೆ. ಆಕೆ ಏನೂ ಅನ್ನಲಿಲ್ಲ. ಬ್ಯಾಗಿನ ಸಣ್ಣ ಜೇಬು ತೆಗೆದು ನೀಲಿ ಇನ್ಹೇಲರ್ ಹೊರಗೆ ತೆಗೆದರು, ಎರಡು ಸಲ ಎಳೆದುಕೊಂಡರು, ಒಳಗೆ ಇಟ್ಟರು. ಅಲ್ಲಿಂದ ಮುಂದೆ ಪ್ರತಿ ಹೋಲಿನಲ್ಲೂ ನಮ್ಮಿಂದ ಇಪ್ಪತ್ತು ಹೆಜ್ಜೆ ಹಿಂದೆಯೇ ಉಳಿದರು. ಹುಡುಗ ಕೆಟ್ಟವನೇನಲ್ಲ, ಅವರ ಚೆಂಡು ಹುಡುಕಿ ಕೊಟ್ಟ, ಬಾವುಟ ಹಿಡಿದ. ಹಚ್ಚುವ ಮುಂಚೆ ಕೇಳಬೇಕು ಅಂತ ಮಾತ್ರ ಅವನಿಗೆ ಹೊಳೆಯಲೇ ಇಲ್ಲ.

ಕೇಳುವುದರಲ್ಲೂ ಒಂದು ರೀತಿ ಇದೆ. ಗಾಂಜಾ ಸುತ್ತಿದ ಜಾಯಿಂಟ್ ತುಟಿಗೆ ಇಟ್ಟುಕೊಂಡು, ಲೈಟರ್ ಕೈಯಲ್ಲಿ ಹಿಡಿದು "ನಿಮಗೇನೂ ತೊಂದರೆ ಇಲ್ಲ ತಾನೇ?" ಅಂತ ಕೇಳಿದರೆ ಅದು ಕೇಳಿದ ಹಾಗಲ್ಲ. ಕೆನಡಾದವರು ಅಭ್ಯಾಸಬಲದಿಂದ ಇಲ್ಲ ಇಲ್ಲ ಅನ್ನುತ್ತಾರೆ. ನಮ್ಮವರಂತೂ ದಾಕ್ಷಿಣ್ಯಕ್ಕೆ ಹುಟ್ಟಿದವರು, "ಅಯ್ಯೋ ಪರವಾಗಿಲ್ಲ ಬಿಡಿ" ಅಂದುಬಿಟ್ಟು ಮನೆಗೆ ಹೋಗಿ ಹೆಂಡತಿ ಹತ್ತಿರ ಬೈಯುತ್ತಾರೆ. ಮೊದಲನೇ ಟೀಯಲ್ಲಿ ಕೈ ಕುಲುಕಿ ಹೆಸರು ಹೇಳುವಾಗಲೇ ಹೇಳಿಬಿಡಿ: ನನ್ನ ಹತ್ತಿರ ಇದೆ, ಯಾರಿಗಾದರೂ ಆಗಿಬರುವುದಿಲ್ಲ ಅಂದರೆ ಬ್ಯಾಗಿನಲ್ಲೇ ಇರುತ್ತದೆ, ನನಗೆ ಬೇಜಾರಿಲ್ಲ. ಆಗ ಬೇಡ ಅನ್ನುವುದು ಅವರಿಗೂ ಸುಲಭ.

ನಮ್ಮ ಗುಂಪಿನ ಒಬ್ಬ ಗೆಳೆಯ, ದಾವಣಗೆರೆ ಕಡೆಯವನು, ಇದರಲ್ಲಿ ಪಕ್ಕಾ. ಅವನು ಸೇದುವುದನ್ನು ನೋಡಿಯೇ ನಾನು ಇಷ್ಟು ಬರೆಯುತ್ತಿರುವುದು. ಎಲ್ಲರೂ ಟೀಯಿಂದ ಹೊಡೆದ ಮೇಲೆ ಒಂದು ಹಿಡಿ ಹುಲ್ಲು ಕಿತ್ತು ಗಾಳಿಗೆ ಬಿಡುತ್ತಾನೆ. ಚೆಂಡು ಯಾವ ಕಡೆ ತಿರುಗುತ್ತದೆ ಅಂತ ನೋಡಲು ಎಲ್ಲರೂ ಮಾಡುವ ಕೆಲಸವೇ ಅದು, ಇವನು ಹೊಗೆ ಎಲ್ಲಿಗೆ ಹೋಗುತ್ತದೆ ಅಂತ ನೋಡುತ್ತಾನೆ. ಗಾಳಿ ನಮ್ಮಿಂದ ಆಚೆ ಹೋಗುವ ಬದಿಗೆ, ಮರದ ಸಾಲಿನ ಹತ್ತಿರ ನಡೆದುಕೊಂಡು ಹೋಗಿ ಎರಡು ದಂ ಎಳೆಯುತ್ತಾನೆ. ಮೂರನೆಯದಿಲ್ಲ. ಜೇಬಲ್ಲಿ ಹಳೇ ಪೆಪ್ಪರ್‌ಮಿಂಟಿನ ತಗಡಿನ ಡಬ್ಬಿ ಇದೆ, ಅದರ ಮುಚ್ಚಳದ ಒಳಗೆ ತುದಿ ಒತ್ತಿ ಆರಿಸಿ, ಅದರಲ್ಲೇ ಹಾಕಿ, ಟಕ್ ಅಂತ ಮುಚ್ಚುತ್ತಾನೆ. ಬೂದಿ ಕೂಡ ಕೆಳಗೆ ಬೀಳುವುದಿಲ್ಲ. ಜುಲೈ, ಆಗಸ್ಟಿನಲ್ಲಿ ಆಟದ ಹಾದಿಯಾದ ಫೇರ್‌ವೇ ಪಕ್ಕದ ಉದ್ದ ಹುಲ್ಲು ಒಣಗಿ ಸದ್ದು ಮಾಡುತ್ತಿರುತ್ತದೆ, ಅಲ್ಲಿ ಕಿಡಿ ಬಿದ್ದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾ? ಗುಂಡಿಯ ಸುತ್ತಲಿನ ನುಣುಪು ಹುಲ್ಲು, ಅಂದರೆ ಗ್ರೀನ್ ಮೇಲೆ ಅವನು ಯಾವತ್ತೂ ಸೇದಿದ್ದಿಲ್ಲ. ಚೆಂಡನ್ನು ಮೆಲ್ಲಗೆ ಗುಂಡಿಗೆ ತಳ್ಳುವ ಪಟ್ ಹೊಡೆಯಲು ಬಗ್ಗಿ ನಿಂತವನ ಮೂಗಿಗೆ ಹೊಗೆ ಬಿಡುವುದು ಆಟದ ಮಧ್ಯೆ ಕೆಮ್ಮುವುದಕ್ಕಿಂತ ಕಡೆ.

ಕೋರ್ಸಿನಲ್ಲಿ ಓಡಾಡುವ ಸಣ್ಣ ಗಾಡಿ, ಆ ಕಾರ್ಟಿನ ಒಳಗಂತೂ ಹಚ್ಚಲೇಬೇಡಿ. ಮೇಲೆ ಚಾವಣಿ ಇರುತ್ತದೆ, ವಾಸನೆ ಸೀಟಿಗೆ ಹಿಡಿದುಕೊಳ್ಳುತ್ತದೆ, ಮಧ್ಯಾಹ್ನ ಅದೇ ಕಾರ್ಟಿನಲ್ಲಿ ಅಪ್ಪ ಮಗಳು ಕೂತು ಹೋಗುತ್ತಾರೆ. ಮಕ್ಕಳು ಕೋರ್ಸಿನ ಮೇಲೆ ಇದ್ದರೆ, ಪಕ್ಕದ ಹೋಲಿನಲ್ಲಾದರೂ ಸರಿ, ಸುಮ್ನೆ ಆ ಹೊತ್ತು ಬಿಟ್ಟುಬಿಡಿ.

ಹೊಗೆಯ ಬದಲು ಆವಿ ಎಳೆಯುವ ವೇಪ್ ಪರವಾಗಿಲ್ಲ, ವಾಸನೆ ಬೇಗ ಹೋಗುತ್ತದೆ. ಆದರೂ ಗಾಳಿ ನೋಡಿ.

ಆಟ ನಿಧಾನ ಆಗುವುದು ಇನ್ನೊಂದು ಕಥೆ. 2019ರಲ್ಲಿ ಗಾಲ್ಫಿನ ನಿಯಮಗಳು ಬದಲಾದವು. ಕಳೆದುಹೋದ ಚೆಂಡು ಹುಡುಕಲು ಮೊದಲು 5 ನಿಮಿಷ ಇತ್ತು, ಈಗ 3. ಸರದಿ ಬಂದ ಮೇಲೆ 40 ಸೆಕೆಂಡಿನಲ್ಲಿ ಹೊಡೆಯಿರಿ ಅನ್ನುವ ಸಲಹೆ ಬಂತು. ಅದೇ ನಿಯಮಗಳಲ್ಲಿ ಬೇರೆ ಆಟಗಾರರ ಬಗ್ಗೆ ಕಾಳಜಿ ಇರಲಿ, ಕೋರ್ಸನ್ನು ಚೆನ್ನಾಗಿ ನೋಡಿಕೊಳ್ಳಿ ಅಂತ ನಿಯಮ 1.2ರಲ್ಲಿ ಸೇರಿಸಿದ್ದಾರೆ. ಕ್ಲಬ್ಬು ಬೇಕಾದರೆ ತನ್ನದೇ ನಡವಳಿಕೆಯ ನಿಯಮ ಮಾಡಿ ತಪ್ಪಿದವರಿಗೆ ಪೆನಾಲ್ಟಿ ಹಾಕಬಹುದು. ಸೇದಿದವನು ಚೆಂಡಿನ ಮುಂದೆ ನಿಂತು ಮೋಡ ನೋಡಿಕೊಂಡು ಇದ್ದುಬಿಟ್ಟರೆ ಹಿಂದಿನ ನಾಲ್ಕು ಜನ ಸೊಂಟದ ಮೇಲೆ ಕೈ ಇಟ್ಟು ಕಾಯುತ್ತಾರೆ. ಮೂರನೇ ಹೋಲಿನಲ್ಲಿ ಎಷ್ಟು ಹೊಡೆದೆ ಅನ್ನುವುದು ನೆನಪಿಲ್ಲದಿದ್ದರೆ ಸ್ಕೋರ್ ಕಾರ್ಡ್ ಬೇರೆಯವರ ಕೈಗೆ ಕೊಡಿ. ಇನ್ನು ಕ್ಲಬ್ಬಿನ ಟೂರ್ನಮೆಂಟ್ ದಿನ ಮನೆಯಲ್ಲೇ ಬಿಟ್ಟು ಬನ್ನಿ. ಅಮೆರಿಕದ ವೃತ್ತಿಪರ ಗಾಲ್ಫ್ ನಡೆಸುವ ಪಿಜಿಎ ಟೂರ್ 2019ರಲ್ಲಿ ರಾಬರ್ಟ್ ಗ್ಯಾರಿಗಸ್ ಎಂಬ ಆಟಗಾರನನ್ನು ಗಾಂಜಾ ಕಾರಣಕ್ಕೇ ಮೂರು ತಿಂಗಳು ಹೊರಗಿಟ್ಟಿತ್ತು. ನಮ್ಮ ಶನಿವಾರದ ಆಟಕ್ಕೆ ಯಾರೂ ಪರೀಕ್ಷೆ ಮಾಡಲು ಬರುವುದಿಲ್ಲ ಬಿಡಿ.

"ಬಿಯರ್ ಗಾಡಿ ಎರಡು ಸಲ ಸುತ್ತು ಹಾಕುತ್ತದೆ, ಅದಕ್ಕೆ ಯಾರೂ ಮಾತಾಡಲ್ಲ, ನಮಗೆ ಮಾತ್ರ ಯಾಕೆ ಉಪದೇಶ?" ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆರು ಕ್ಯಾನ್ ಕುಡಿದು ಕೂಗಾಡುವವನಿಗಿಂತ ಎರಡು ದಂ ಎಳೆದು ತನ್ನ ಪಾಡಿಗೆ ಇರುವವನು ಎಷ್ಟೋ ವಾಸಿ, ಇದನ್ನು ನಾನು ಯಾರ ಎದುರು ಬೇಕಾದರೂ ಹೇಳುತ್ತೇನೆ. ಆದರೆ ಬಿಯರ್ ಕುಡಿದವನ ಬಿಯರ್ ನನ್ನ ಶ್ವಾಸಕ್ಕೆ ಬರುವುದಿಲ್ಲ. ಮತ್ತೆ ಅವನು ಎಷ್ಟು ಕುಡಿದ ಅನ್ನುವುದು ಕಣ್ಣಿಗೆ ಕಾಣುತ್ತದೆ.

ಕಾಣದೇ ಇರುವುದು ಗಮ್ಮಿ, ಅಂದರೆ ಗಾಂಜಾ ಬೆರೆಸಿದ ಮೆತ್ತನೆ ಮಿಠಾಯಿ. ನಾನು ಸಿಟ್ಟು ಅಂದದ್ದು ಇದರ ಬಗ್ಗೆ.

ನಮ್ಮಲ್ಲಿ ಹಿರಿಯರ ಮುಂದೆ ಸಿಗರೇಟು ಸೇದುವುದಿಲ್ಲ, ಅಪ್ಪ ಬಂದರೆ ಬೆನ್ನ ಹಿಂದೆ ಬಚ್ಚಿಡುತ್ತೇವೆ. ಇಲ್ಲಿಗೆ ಬಂದರೂ ಆ ಅಭ್ಯಾಸ ಹೋಗಿಲ್ಲ, ಹೋಗಬೇಕು ಅಂತಲೂ ನಾನು ಹೇಳುವುದಿಲ್ಲ. ಕನ್ನಡದವರೇ ಸೇರಿ ಆಡುವ ಗುಂಪಿನಲ್ಲಿ ಯಾವಾಗಲೂ ಒಬ್ಬರಾದರೂ ಅಂಕಲ್ ಇರುತ್ತಾರೆ. ಮೂವತ್ತು ವರ್ಷದಿಂದ ಇಲ್ಲಿರುವವರು, ಎಲ್ಲರ ಮನೆಯ ಗೃಹಪ್ರವೇಶಕ್ಕೂ ಬಂದವರು. ಅವರ ಮುಂದೆ ಹೊಗೆ ಬಿಡಲು ಹುಡುಗರಿಗೆ ಮುಜುಗರ. ಹಾಗಾಗಿ ಏನು ಮಾಡುತ್ತಾರೆ? ಗಮ್ಮಿ ನುಂಗುತ್ತಾರೆ. ಹೊಗೆ ಇಲ್ಲ, ವಾಸನೆ ಇಲ್ಲ, ನೋಡಿದವರಿಗೆ ಬರೀ ಮಿಠಾಯಿ. ಮರ್ಯಾದೆ ಉಳಿಯಿತು ಅಂದುಕೊಳ್ಳುತ್ತಾರೆ. ಆಮೇಲೆ ಅದೇ ಅಂಕಲನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರ್ಟ್ ಓಡಿಸುತ್ತಾರೆ!

ಗಮ್ಮಿಯ ಲೆಕ್ಕ ಬೇರೆ. ಹೊಗೆ ಎಳೆದರೆ ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ. ತಿಂದದ್ದು ಏರಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು, ಪೂರ್ತಿ ಏರಲು ನಾಲ್ಕು ಗಂಟೆಯೂ ಆಗಬಹುದು, ಇಳಿಯಲು ಕೆಲವರಿಗೆ ಹನ್ನೆರಡು ಗಂಟೆ. ಅದಕ್ಕೇ ಇಲ್ಲಿನ ಕಾನೂನು ಒಂದು ಪೊಟ್ಟಣದಲ್ಲಿ ಅಮಲೇರಿಸುವ ಅಂಶವಾದ ಟಿಎಚ್‌ಸಿ 10 ಮಿಲಿಗ್ರಾಂಗಿಂತ ಜಾಸ್ತಿ ಇರಬಾರದು ಅನ್ನುತ್ತದೆ. ಮೊದಲನೇ ಟೀಯಲ್ಲಿ ಒಂದು ತಿನ್ನುತ್ತಾನೆ, ಐದನೇ ಹೋಲಿನವರೆಗೆ ಏನೂ ಆಗುವುದಿಲ್ಲ, ಇದೇನೋ ಡಮ್ಮಿ ಮಾಲು ಅಂತ ಇನ್ನೊಂದು ತಿನ್ನುತ್ತಾನೆ. ಹನ್ನೆರಡನೇ ಹೋಲಿನಲ್ಲಿ ಎರಡೂ ಒಟ್ಟಿಗೆ ಬಂದು ಕೂರುತ್ತವೆ. ನಾನು ನೋಡಿದ್ದು ಇಂಥದ್ದೇ. ಕೆರೆಯ ಕಡೆಗೆ ಇಳಿಜಾರು, ಕಾರ್ಟಿನ ದಾರಿ ಎಡಕ್ಕೆ ತಿರುಗುತ್ತದೆ, ಕಾರ್ಟ್ ನೇರ ಹೋಯಿತು. ಅಂಕಲ್ ಒಂದು ಕೈಯಲ್ಲಿ ಚಾವಣಿಯ ಕಂಬ ಹಿಡಿದು ಇನ್ನೊಂದು ಕೈಯಲ್ಲಿ ಟೋಪಿ ಹಿಡಿದು "ಏ, ಬ್ರೇಕು, ಬ್ರೇಕು ಕಣೋ" ಅಂತ ಕೂಗುತ್ತಿದ್ದರು. ನೀರಿಗೆ ಒಂದು ಮಾರು ದೂರದಲ್ಲಿ ನಿಂತಿತು. ಅಂಕಲಿಗೆ ಇವತ್ತಿಗೂ ಕಾರಣ ಗೊತ್ತಿಲ್ಲ, ಹುಡುಗನಿಗೆ ನಿದ್ದೆ ಕೆಟ್ಟಿತ್ತು ಅಂತ ನಂಬಿದ್ದಾರೆ.

ಗುಟ್ಟು ಬೇಕಾದರೆ ದಾರಿಯಲ್ಲಿ ಹೋಗುವವರಿಂದ ಇಟ್ಟುಕೊಳ್ಳಿ. ನಿಮ್ಮ ಕಾರ್ಟಿನಲ್ಲಿ ಕೂತವರಿಂದ ಅಲ್ಲ. ಅಂಕಲ್‌ಗೆ ಹೇಳಲು ನಾಚಿಕೆ ಆದರೆ ಅವರ ಕಾರ್ಟಿನಲ್ಲಿ ಕೂರಬೇಡಿ, ಅಥವಾ ಕೀಲಿ ಅವರಿಗೇ ಕೊಟ್ಟು "ಇವತ್ತು ನೀವೇ ಓಡಿಸಿ" ಅನ್ನಿ, ಖುಷಿಯಾಗಿ ಓಡಿಸುತ್ತಾರೆ. ಮತ್ತೆ ಯಾರಿಗೂ ಇದು ಏನು ಅಂತ ಹೇಳದೆ ಗಮ್ಮಿ ಕೊಡಬೇಡಿ, ತಮಾಷೆಗೂ. ಬ್ಯಾಗಿನ ಜೇಬಲ್ಲಿ ಬಿಡಿಯಾಗಿ ಹಾಕಿಕೊಂಡರೆ ಮನೆಯಲ್ಲಿ ಮಕ್ಕಳ ಕೈಗೆ ಸಿಗುತ್ತದೆ, ಅಂಗಡಿ ಕೊಟ್ಟ ಪೊಟ್ಟಣದಲ್ಲೇ ಇಡಿ.

ಕಾರ್ಟ್ ತಾನೇ ಅಂತ ಹಗುರವಾಗಿ ಮಾತಾಡುವವರಿಗೆ ಒಂದು ಮಾತು. ಕೆನಡಾದ ಅಪರಾಧ ಕಾನೂನಿನಲ್ಲಿ ಮೋಟಾರಿನಿಂದ ಓಡುವ ಗಾಲ್ಫ್ ಕಾರ್ಟೂ ಮೋಟಾರು ವಾಹನವೇ, ಖಾಸಗಿ ಜಾಗ ಅಂತ ವಿನಾಯಿತಿ ಇಲ್ಲ. ಒಂದು ಮಿಲಿಲೀಟರ್ ರಕ್ತದಲ್ಲಿ 2 ನ್ಯಾನೊಗ್ರಾಂ ಟಿಎಚ್‌ಸಿ ಇದ್ದರೆ ಕೇಸು, 5 ದಾಟಿದರೆ ಇನ್ನೂ ದೊಡ್ಡ ಕೇಸು. ಬಿಯರ್ ಜೊತೆ ಸೇರಿದರೆ ಮಿತಿ ಬೇರೆ. ಆಟ ಮುಗಿಸಿ ಮನೆಗೆ ಕಾರು ಓಡಿಸಬೇಕಲ್ವಾ, ಹೊಸದಾಗಿ ಬಂದ ನಮ್ಮ ಹುಡುಗರ ಹತ್ತಿರ ಇರುವುದು ಹೊಸ ಚಾಲಕರಿಗೆ ಕೊಡುವ ಜಿ1 ಅಥವಾ ಜಿ2 ಲೈಸೆನ್ಸು, ಒಂಟಾರಿಯೊದಲ್ಲಿ ಆ ಲೈಸೆನ್ಸಿನವರ ಮೈಯಲ್ಲಿ ಗಾಂಜಾ ಇರಲೇಬಾರದು. 2018ರ ಡಿಸೆಂಬರಿನಿಂದ ಅಮಲಿನಲ್ಲಿ ಗಾಡಿ ಓಡಿಸುವ ಅಪರಾಧಕ್ಕೆ ಗರಿಷ್ಠ ಶಿಕ್ಷೆ 10 ವರ್ಷ ಆಗಿದೆ, ಹಾಗಾಗಿ ವಲಸೆ ಕಾನೂನಿನಲ್ಲಿ ಅದು ಗಂಭೀರ ಅಪರಾಧದ ಪಟ್ಟಿಗೆ ಬರುತ್ತದೆ. ಕಾಯಂ ವಾಸದ ಪಿಆರ್ ಕಾರ್ಡಿಗೆ ಎಷ್ಟು ವರ್ಷ ಕಾದಿದ್ದೇವೆ, ಅದೇ ಕೈತಪ್ಪಬಹುದು.

ಕೊನೆಯದಾಗಿ ಗಾಲ್ಫ್ ಬ್ಯಾಗಿನ ವಿಚಾರ. ಇಲ್ಲಿಂದ ನಯಾಗರಾ ದಾಟಿ ಅಮೆರಿಕದ ಬಫಲೊ ಕಡೆ ಆಡಲು ಹೋಗುವವರು ಬಹಳ. ನ್ಯೂಯಾರ್ಕ್ ರಾಜ್ಯದಲ್ಲೂ 2021ರಿಂದ ಗಾಂಜಾ ಕಾನೂನುಬದ್ಧ, ಆದರೆ ಗಡಿ ದಾಟಿಸುವುದು ಎರಡೂ ದೇಶಗಳಲ್ಲಿ ಅಪರಾಧ. ಇನ್ನು ಬೆಂಗಳೂರಿಗೆ ರಜೆಗೆ ಬರುವಾಗ ಅದೇ ಬ್ಯಾಗು ವಿಮಾನ ಹತ್ತುತ್ತದೆ. ಶಿವರಾತ್ರಿಯ ಭಂಗಿ ನೆನಪಿಟ್ಟುಕೊಂಡು ಊರಲ್ಲಿ ಏನೂ ಅನ್ನಲ್ಲ ಅಂದುಕೊಳ್ಳಬೇಡಿ, ವಿಮಾನ ನಿಲ್ದಾಣದಲ್ಲಿ ನಿಮ್ಮನ್ನು ಕಾಯುವುದು ಮಾದಕವಸ್ತುಗಳ ವಿರುದ್ಧದ 1985ರ ಎನ್‌ಡಿಪಿಎಸ್ ಕಾಯ್ದೆ. ಬ್ಯಾಗಿನ ಎಲ್ಲಾ ಜೇಬು ತಲೆಕೆಳಗೆ ಮಾಡಿ ಕೊಡವಿ, ಚೆಂಡು ಕೂರಿಸುವ ಟೀ ಮೊಳೆಗಳು ಇರುವ ಸಣ್ಣ ಜೇಬನ್ನು ಎರಡು ಸಲ ಕೊಡವಿ.

ಇಂತಿ ನಿಮ್ಮ ಓದುಗ,
ಮಿಸ್ಸಿಸಾಗಾ, ಒಂಟಾರಿಯೊ