ಜಗಳದಿಂದಲ್ಲ, ಜಾಗ ಸಿಗದೆ ಒಡೆಯುತ್ತವೆ

ಮಾನ್ಯ ಸಂಪಾದಕರೇ,

ಹಲವು ಮನೆಯವರು ಸೇರಿ ತಮ್ಮ ಮನೆಗಳನ್ನು ತಾವೇ ಯೋಜಿಸಿ ಕಟ್ಟಿಸಿಕೊಳ್ಳುವ ಬಗ್ಗೆ ನಿಮ್ಮಲ್ಲಿ ಬಂದ ಬರಹ ಓದಿದೆ. ಇಂಥ ಗುಂಪುಗಳು ಜಗಳ ಆಡಿಕೊಂಡೇ ಒಡೆಯುತ್ತವೆ ಅಂತ ಅದರಲ್ಲಿತ್ತು. ಇದನ್ನು ಒಪ್ಪಲು ಆಗಲಿಲ್ಲ.

ಆರು ವರ್ಷದಿಂದ ನಾನು ಅಂಥದ್ದೊಂದು ಗುಂಪಿನಲ್ಲಿದ್ದೇನೆ. ಶುರುವಿನಲ್ಲಿ ಹನ್ನೊಂದು ಮನೆಯವರಿದ್ದೆವು. ಜಗಳ ಆಡಿಲ್ಲ ಅನ್ನಲ್ಲ. ಒಂದು ಭಾನುವಾರ ಇಡೀ ದಿನ ಅಡುಗೆಮನೆ ಕಿಟಕಿಯದ್ದೇ ಮಾತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆಗಳನ್ನು ಬರೆದು, ಎಲ್ಲರೂ ಅವರವರ ಅಡುಗೆಮನೆಯೊಳಗೆ ಹೋಗಿ ನಿಂತೆವು. ಕಿಟಕಿ ಅಂಗಳದ ಕಡೆ ಇದ್ದರೆ ಆಡುವ ಮಕ್ಕಳು ಕಣ್ಣಿಗೆ ಬೀಳುತ್ತಾರೆ ಅಂತ ಕೆಲವರು, ಹೋಗಿ ಬರುವವರೆಲ್ಲ ಒಳಗೆ ಇಣುಕುತ್ತಾರಲ್ಲ ಅಂತ ಇನ್ನು ಕೆಲವರು. ಒಂಟಿಯಾಗಿರುವ ಹಿರಿಯರೊಬ್ಬರು ತಮ್ಮ ಚೌಕದೊಳಗೆ ಅಷ್ಟೂ ಹೊತ್ತು ಸುಮ್ನೆ ನಿಂತಿದ್ದರು. ಆಮೇಲೆ, 'ಬೆಳಿಗ್ಗೆ ನನ್ನ ಕಿಟಕಿ ತೆರೆಯದಿದ್ದರೆ ಯಾರಿಗಾದರೂ ಗೊತ್ತಾಗಬೇಕು, ನನಗೆ ಅಷ್ಟು ಸಾಕು' ಅಂದರು. ಸೀಮೆಸುಣ್ಣ ಹಿಡಿದಿದ್ದವರು ಬಗ್ಗಿ ಎಲ್ಲರ ಕಿಟಕಿಯನ್ನೂ ಅಂಗಳದ ಕಡೆಗೆ ತಿದ್ದಿದರು, ಮಲಗುವ ಕೋಣೆಗಳು ಹಿಂದಕ್ಕೆ ಹೋದವು. ಕಟ್ಟಿ ಮಾರುವವರು ಇದನ್ನೆಲ್ಲ ನಮ್ಮನ್ನು ಕೇಳುತ್ತಾರಾ?

ನಮ್ಮನ್ನು ಚದುರಿಸಿದ್ದು ಜಾಗ. ಮೂರು ಸಲ ನೋಡಿದೆವು, ಮೂರು ಸಲವೂ ನಾವು ಲೆಕ್ಕ ಕೂಡಿಸಿ, ಸಂಘ ಮಾಡಿಕೊಂಡು, ಸಾಲ ಯಾರ ಹೆಸರಿಗೆ ಅಂತ ಕೇಳುವ ಬ್ಯಾಂಕಿಗೆ ಉತ್ತರ ಹೊಂದಿಸುವಷ್ಟರಲ್ಲಿ ಪೂರ್ತಿ ದುಡ್ಡು ಹಿಡಿದು ಬಂದವರು ಕೊಂಡು ಹೋಗಿದ್ದರು. ಐದು ಮನೆಯವರು ಕಾದು ಕಾದು ಬಿಟ್ಟುಹೋದರು. ಅವರ ತಪ್ಪಿಲ್ಲ, ಮಕ್ಕಳು ಬೆಳೆಯುವುದು ನಿಲ್ಲಲ್ಲ ಅಲ್ವಾ.

ಬೇರೆ ಕಡೆಯೂ ಇದೇ ಕಥೆ. ಡೆನ್ಮಾರ್ಕ್‌ನಲ್ಲಿ 1964ರಲ್ಲೇ ಯಾನ್ ಗುಡ್ಮಂಡ್-ಹೋಯರ್ ಎಂಬ ವಾಸ್ತುಶಿಲ್ಪಿ ಗೆಳೆಯರ ಜೊತೆ ಶುರು ಮಾಡಿದ್ದರು. ಅಕ್ಕಪಕ್ಕದವರ ವಿರೋಧಕ್ಕೆ ಅವರ ಜಾಗ ಕೈಬಿಟ್ಟುಹೋಯಿತು. ಹೀಗೆ ಸೇರಿ ಯೋಜಿಸಿ ಕಟ್ಟಿಕೊಳ್ಳುವ ಮನೆಗಳಿಗೆ ಕೋಹೌಸಿಂಗ್ ಅನ್ನುತ್ತಾರೆ; ಅಲ್ಲಿನ ಮೊದಲನೆಯದು, 27 ಮನೆಗಳ ಸೆಟ್ಟೆಡಾಮೆನ್, ಆದದ್ದು 1972ರಲ್ಲಿ. ಲಂಡನ್‌ನಲ್ಲಿ 50 ದಾಟಿದ ಹೆಂಗಸರ ಗುಂಪೊಂದು 1998ರಲ್ಲಿ ಹುಟ್ಟಿತು. ಅವರು ತಮ್ಮ 25 ಮನೆಗಳಿಗೆ ಬಂದು ಸೇರಿದ್ದು 2016ರಲ್ಲಿ. ಹದಿನೆಂಟು ವರ್ಷ! ಅದೂ ವಸತಿ ಸಂಸ್ಥೆಯೊಂದು ಅವರಿಗಾಗಿ ಜಾಗ ಕೊಂಡು ಹಿಡಿದಿಟ್ಟ ಮೇಲೆ.

ಇದೆಲ್ಲ ದುಡ್ಡಿದ್ದವರ ಆಟ ಅನ್ನುವವರೂ ಇದ್ದಾರೆ. ಜಾಗವನ್ನು ಹರಾಜಿಗೇ ಬಿಟ್ಟರೆ ಹೌದು, ಹಾಗೇ ಆಗುತ್ತದೆ. ಆದರೆ ಬಾರ್ಸಿಲೋನಾದ ನಗರಸಭೆ ತನ್ನ ಜಾಗವನ್ನು ಲಾ ಬೋರ್ಡಾ ಎಂಬ ಸಹಕಾರ ಸಂಘಕ್ಕೆ 75 ವರ್ಷದ ಗುತ್ತಿಗೆಗೆ ಕೊಟ್ಟಿತು. 2018ರಲ್ಲಿ 28 ಮನೆಗಳು ಎದ್ದವು, ಬಟ್ಟೆ ಒಗೆಯುವ ಕೋಣೆ ಎಲ್ಲರಿಗೂ ಸೇರಿ ಒಂದೇ. ಅಲ್ಲಿ ಮನೆಯನ್ನು ಯಾರೂ ಲಾಭಕ್ಕೆ ಮಾರುವಂತಿಲ್ಲ. ಉರುಗ್ವೆಯಲ್ಲಂತೂ 1968ರ ವಸತಿ ಕಾನೂನಿನ ಆಸರೆಯಲ್ಲಿ ಕೂಲಿ ಕೆಲಸದವರೇ ಸಂಘ ಕಟ್ಟಿಕೊಂಡರು, ಒಂದೊಂದು ಮನೆಯವರೂ ವಾರಕ್ಕೆ 21 ಗಂಟೆ ದುಡಿದು ತಮ್ಮ ಮನೆ ಎಬ್ಬಿಸುವ ಪದ್ಧತಿ ಅಲ್ಲಿದೆ. ದುಡ್ಡು ಕಮ್ಮಿ ಇದ್ದವರಿಂದ ಆಗಲ್ಲ ಅನ್ನುವವರು ಇದನ್ನೊಮ್ಮೆ ನೋಡಬೇಕು.

ಸ್ಥಳೀಯ ಆಡಳಿತಗಳನ್ನು ಕೇಳುವುದು ಇಷ್ಟೇ. ಸಾರ್ವಜನಿಕ ಜಾಗ ಮಾರುವ ಮುಂಚೆ ಒಂದು ಪಾಲನ್ನು ಇಂಥ ಗುಂಪುಗಳಿಗೆ ಎರಡು ವರ್ಷ ಎತ್ತಿಡಿ. ಆಮೇಲೆ ಗುತ್ತಿಗೆಗೆ ಕೊಡಿ, ಪುಕ್ಕಟೆ ಬೇಡ. ಎರಡು ವರ್ಷದಲ್ಲಿ ಗುಂಪು ನಿಲ್ಲದಿದ್ದರೆ ವಾಪಸ್ ತೆಗೆದುಕೊಳ್ಳಿ.

ಆ ಭಾನುವಾರದ ನಕ್ಷೆಯನ್ನು ಸಂಜೆ ಕಾಗದಕ್ಕೆ ಇಳಿಸಿಕೊಂಡಿದ್ದೆ. ಇನ್ನೂ ನನ್ನ ಹತ್ತಿರವೇ ಇದೆ. ನಾವು ಆರು ಮನೆಯವರು ಈಗಲೂ ಸಿದ್ಧ ಇದ್ದೇವೆ, ಆ ಹಿರಿಯರೂ.

ಇಂತಿ,
ನಿಮ್ಮ ಓದುಗರಲ್ಲೊಬ್ಬರು